ಬೋರಗಾಂವದ ನೆಲಗುಬ್ಬಿಯವರಿಗೆ: ಜಾಗ ಖಾಲಿ ಮಾಡಿಕೊಟ್ಟಿದ್ದಕ್ಕೆ ಆಭಾರಿ

ಇವರಿಗೆ,
ಶ್ರೀ ಮತ್ತು ಶ್ರೀಮತಿ ನೆಲಗುಬ್ಬಿ
(ಟಿಟ್ಟಿಭ, ಲಾವಕ್ಕಿ, ಕಲ್ಲುಗೌಜಲ, ಸೆಳೆವ ಮುಂತಾದ ಬಂಧುಬಳಗಕ್ಕೂ ಓದಿ ಹೇಳುವುದು)
ಹಳೇ ವಿಳಾಸ: ಊರ ಮೇಲಿನ ಮಡ್ಡಿ, ಬೋರಗಾಂವ, ತಾ. ನಿಪ್ಪಾಣಿ, ಜಿ. ಬೆಳಗಾವಿ
ಹೊಸ ವಿಳಾಸ: ತಿಳಿದಿಲ್ಲ

ವಿಷಯ: ರಾಷ್ಟ್ರದ ಇಂಧನ ಭದ್ರತೆಗಾಗಿ ತಂಟೆ ತಕರಾರಿಲ್ಲದೆ ಜಾಗ ತೆರವು ಮಾಡಿಕೊಟ್ಟ ಬಗ್ಗೆ.

ಮಾನ್ಯರೇ,

ನಿಮ್ಮ ಹೊಸ ವಿಳಾಸ ಪೋಸ್ಟಿನವನಿಗೂ ಗೊತ್ತಿಲ್ಲ, ತಲಾಠಿಗೂ ಗೊತ್ತಿಲ್ಲ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಯಾರಿಗಾದರೂ ಎಲ್ಲಾದರೂ ನೀವು ಕಣ್ಣಿಗೆ ಬಿದ್ದರೆ ಓದಿ ಹೇಳಲಿ.

ಮೊದಲಿಗೆ ಅಭಿನಂದನೆ. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. 2018ರ ಜೈವಿಕ ಇಂಧನ ನೀತಿ ಇದಕ್ಕೆ 2030ರ ಗಡುವು ಕೊಟ್ಟಿತ್ತು; ನಾವು ಐದು ವರ್ಷ ಮೊದಲೇ ಮುಗಿಸಿದೆವು. ಈ ದೇಶದಲ್ಲಿ ಗಡುವಿಗೆ ಮೊದಲು ಮುಗಿದ ಸರ್ಕಾರಿ ಕೆಲಸ ಇನ್ನೊಂದಿದ್ದರೆ ತೋರಿಸಿ. (ನಮ್ಮ ಓಣಿಯ ಗಟಾರದ ಮಾತನ್ನು ಇಲ್ಲಿ ತರುವುದು ಬೇಡ.) ಈ ಸಾಧನೆಯ ಹಾರ ತುರಾಯಿ ಮಂತ್ರಿಗಳಿಗೆ ಸಂದಿತು, ಚೇರ್ಮನ್ನರಿಗೆ ಸಂದಿತು. ನಿನ್ನೆಯ ತನಕ ಬರೀ ಅನ್ನದಾತನಾಗಿದ್ದವ ಈಗ ಊರ್ಜಾದಾತನೂ ಆದನೆಂದು ಭಾಷಣ ಮಾಡಿ ನಮ್ಮಂಥ ಬೆಳೆಗಾರರ ಹೆಗಲಿಗೂ ಒಂದು ಶಾಲು ಹಾಕಿದರು. ನಿಮ್ಮ ಹೆಸರನ್ನು ಮಾತ್ರ ವೇದಿಕೆಯ ಮೇಲೆ ಯಾರೂ ಎತ್ತಲಿಲ್ಲ. ಆ ಲೋಪವನ್ನು ಸರಿಪಡಿಸಲು ಕೂತಿದ್ದೇನೆ.

ನಾವು ಕಬ್ಬಿನವರು ಯಾವುದನ್ನೂ ಸುಮ್ಮನೆ ಬಿಟ್ಟುಕೊಟ್ಟವರಲ್ಲ. 2025ರ ನವೆಂಬರಿನಲ್ಲಿ ಕಡಿಯುವ, ಸಾಗಿಸುವ ಖರ್ಚು ಬಿಟ್ಟು ಟನ್ನಿಗೆ 3,500 ರೂಪಾಯಿ ಕೊಡಿ ಎಂದು ಗುರ್ಲಾಪುರ ಕ್ರಾಸಿನಲ್ಲಿ ರಸ್ತೆಗೆ ಅಡ್ಡ ಕೂತೆವು. ಮುಖ್ಯಮಂತ್ರಿಗಳು ಬೆಂಗಳೂರಿನಲ್ಲಿ ಸಭೆ ಕರೆದು 3,300ಕ್ಕೆ ಮಾತು ಮುಗಿಸಬೇಕಾಯಿತು. ಇದೇ ನಿಪ್ಪಾಣಿ ಸೀಮೆಯಲ್ಲಿ 1981ರಲ್ಲಿ ತಂಬಾಕಿನ ದರಕ್ಕಾಗಿ ಹೆದ್ದಾರಿ ಹಿಡಿದವರು ಪೊಲೀಸರ ಗುಂಡಿಗೆ ಎದೆ ಕೊಟ್ಟರು. ಡ್ಯಾಮಿಗೆ ಮನೆ ಮಠ ಕಳಕೊಂಡವರ ಮೊಮ್ಮಕ್ಕಳು ಇಂದಿಗೂ ಪರಿಹಾರದ ಕಡತ ಹಿಡಿದು ಕಚೇರಿ ಕಟ್ಟೆ ಹತ್ತುತ್ತಾರೆ. ನೀವೋ? ಒಂದು ಧರಣಿ ಇಲ್ಲ, ಒಂದು ಮನವಿ ಇಲ್ಲ, ಹೈಕೋರ್ಟಿನಲ್ಲಿ ಒಂದು ರಿಟ್ ಇಲ್ಲ. ಜೆಸಿಬಿ ಸಪ್ಪಳ ಕೇಳಿಸಿತು, ಎದ್ದು ಹೋದಿರಿ. ಇಂಥ ಸಂಭಾವಿತ ನಿರಾಶ್ರಿತರು ಬೇರೆ ಯಾವ ಯೋಜನೆಗೆ ಸಿಕ್ಕಿದ್ದಾರೆ?

ಕಾಗದ ಪತ್ರದ ಪ್ರಕಾರ ನೋಡಿದರೆ ನೀವು ಇಲ್ಲಿ ಇರಲೇ ಇಲ್ಲ. ಮಡ್ಡಿಯ ಉತಾರದಲ್ಲಿ ನಿಮ್ಮ ಹೆಸರಿಲ್ಲ. ಮೇಲಿನಿಂದ ನೋಡಿದವರಿಗೂ ನೀವು ಕಂಡಿಲ್ಲ: ಉಪಗ್ರಹದ ಚಿತ್ರ ಇಟ್ಟುಕೊಂಡು 2000ದಲ್ಲಿ ದೇಶದ ‘ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್’ ತಯಾರಾಯಿತಲ್ಲ, ಅದರಲ್ಲಿ ಕುರುಚಲು, ಹುಲ್ಲು, ಮೇವಿನ ಬಯಲು ಎಲ್ಲವೂ ಬಂಜರಿನ ಲೆಕ್ಕದಲ್ಲೇ ಬಿದ್ದವು. ಮರ ಇಲ್ಲ ಎಂದಮೇಲೆ ಅರಣ್ಯವಲ್ಲ, ಬೆಳೆ ಇಲ್ಲ ಎಂದಮೇಲೆ ಹೊಲವಲ್ಲ, ಉಳಿದದ್ದು ಹಾಳು. ಕುರಿ ಮೇಯಿಸುವವರು ಅಲ್ಲೇ ನಿಂತು ನೋಡುತ್ತಿದ್ದರು. ಅವರನ್ನೂ ಯಾರೂ ಕೇಳಲಿಲ್ಲ, ಆ ಮಾತು ಬೇರೆ.

ನಾನು ಮಾತ್ರ ನಿಮ್ಮ ಸಂಸಾರ ನೋಡಿದ್ದೇನೆ, ಸುಳ್ಳು ಹೇಳಲಾರೆ. ಶಿವರಾತ್ರಿ ಕಳೆದು ಬಿಸಿಲು ಚುರುಕಾದಾಗ ಯಜಮಾನರು ಶುರು ಮಾಡುತ್ತಿದ್ದರು. ಹೊಟ್ಟೆ ಕಪ್ಪು, ಕಣ್ಣಿನಗುಂಟ ಕರೀ ಪಟ್ಟಿ, ನೆತ್ತಿ ಬೂದಿ. ನೆಟ್ಟಗೆ ಮೇಲಕ್ಕೆ ಏರಿ, ಅಲ್ಲಿ ರೆಕ್ಕೆ ಮುಚ್ಚಿ, ಉದ್ದಕ್ಕೊಂದು ಸಿಳ್ಳೆ ಎಳೆಯುತ್ತ ಕೆಳಗೆ ಬೀಳುವುದು. ನೆಲಕ್ಕೆ ಬಡಿದೇ ಬಿಟ್ಟಿತು ಎನ್ನುವಷ್ಟರಲ್ಲಿ ಮತ್ತೆ ಮೇಲೆ. ಇಡೀ ಮುಂಜಾನೆ ಇದೇ ಉದ್ಯೋಗ. ಯಜಮಾನತಿಯವರ ಗೂಡೆಂದರೆ ಒಂದು ಹೆಂಟೆಯ ಮಗ್ಗುಲಿಗೆ ಅಂಗೈಯಷ್ಟೂ ಇಲ್ಲದ ಗುಳಿ, ತಳಕ್ಕೆ ನಾಲ್ಕು ಹುಲ್ಲೆಳೆ, ಅಂಚಿಗೆ ಸಣ್ಣ ಸಣ್ಣ ಹರಳು ಜೋಡಿಸಿದ ಕಟ್ಟೆ. ಒಳಗೆ ಎರಡೋ ಮೂರೋ ಚುಕ್ಕೆ ಮೊಟ್ಟೆ. ಮೇಲೆ ಮಾಡು ಇಲ್ಲ, ಸುತ್ತ ಗೋಡೆ ಇಲ್ಲ, ಪಟ್ಟಣ ಪಂಚಾಯತಿಯ ಮನೆ ನಂಬರ್ ಇಲ್ಲ. ಇದನ್ನು ಅನಧಿಕೃತ ಕಟ್ಟಡ ಎನ್ನದೆ ಇನ್ನೇನು ಅನ್ನಬೇಕು?

ಇನ್ನು ನಿಮ್ಮ ಜಾಗವನ್ನು ಏನು ಮಾಡುವುದೆಂಬ ಚಿಂತೆ ಸರ್ಕಾರಕ್ಕೆ ಬಹಳ ಹಿಂದಿನದು. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಲೆಕ್ಕ ಹಾಕಿ, ದೇಶದಲ್ಲಿ ಒಂದು ಕೋಟಿ ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಜಟ್ರೋಫಾ ಹಚ್ಚಬಹುದು, ಡೀಸೆಲ್ ಗಿಡದಲ್ಲೇ ಬಿಡುತ್ತದೆ ಎಂದಿತು. 2009ರಲ್ಲಿ ಕರ್ನಾಟಕವೂ ತನ್ನದೇ ಜೈವಿಕ ಇಂಧನ ನೀತಿ ತಂದಿತು. ಹೊಂಗೆ, ಹಿಪ್ಪೆ, ಬೇವು, ಸಿಮರೂಬ ನೆಡುವ ಯೋಜನೆಗಳಿಗೆ ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂದು ಹೆಸರಿಟ್ಟರು. ಹೆಸರಿಟ್ಟವರ ಕೈಗೆ ಕಡಗ ತೊಡಿಸಬೇಕು, ಅಷ್ಟು ಚೆಂದ. ಹೊಂಗೆ ಬೇವುಗಳ ಮೇಲೆ ನನ್ನ ದೂರಿಲ್ಲ, ಹೊಲದ ಬದುವಿನಲ್ಲಿ ಅವು ಮೊದಲಿನಿಂದಲೂ ಇವೆ. ಜಟ್ರೋಫಾ ಕತೆ ಮಾತ್ರ ಬೇಗ ಮುಗಿಯಿತು. ನೀರಿಲ್ಲದೆ ಬೆಳೆಯುತ್ತದೆ ಎಂದಿದ್ದರು, ಬೆಳೆಯಿತು. ನೀರಿಲ್ಲದೆ ಕಾಯಿ ಬಿಡುತ್ತದೆ ಎಂದು ತಿಳಿದಿದ್ದೆವು, ಬಿಡಲಿಲ್ಲ. ಬರಡು ನೆಲ ಅದರಿಂದ ಬಂಗಾರವಾಗಲಿಲ್ಲ, ಹುಲ್ಲುಗಾವಲಾಗಿಯೂ ಉಳಿಯಲಿಲ್ಲ.

ಆ ಗಿಡ ಸೋತಲ್ಲಿ ನಮ್ಮ ಕಬ್ಬು ಗೆದ್ದಿತು. ಯಾಕೆಂದು ನಿಮಗೆ ತಿಳಿಸಿ ಹೇಳಬೇಕು, ಇಲ್ಲದಿದ್ದರೆ ನಮ್ಮ ಮೇಲೆ ಸಿಟ್ಟಾದೀರಿ. ನಮ್ಮ ಹಿರಿಯರು ಹಾಕುತ್ತಿದ್ದುದು ತಂಬಾಕು, ಜೋಳ, ಶೇಂಗಾ. ಮಳೆ ನಂಬಿದ ಬೇಸಾಯ. ಸುಗ್ಗಿ ಮುಗಿದು ಹೊಲ ಬರಿದಾಯಿತೆಂದರೆ ಮುಂಗಾರಿಯ ತನಕ ಬಿಸಿಲಿಗೆ ಬಿದ್ದಿರುತ್ತಿತ್ತು. ಆ ನಾಲ್ಕು ತಿಂಗಳೇ ನಿಮ್ಮ ಬಾಣಂತನದ ತಿಂಗಳು. ಮಡ್ಡಿಯಲ್ಲಿ ಜಾಗ ಸಾಲದಿದ್ದರೆ ನಮ್ಮ ಹೊಲಕ್ಕೇ ಇಳಿಯುತ್ತಿದ್ದಿರಿ, ಉದುರಿದ ಕಾಳು, ಮಿಡತೆ, ಹುಳ ನಿಮಗೆ. ಕುರಿಯವರು ಬಂದು ಹಿಂಡು ನಿಲ್ಲಿಸಿದರೆ ಗೊಬ್ಬರ ನಮಗೆ. ಯಾರೂ ಯಾರಿಗೂ ಬಾಡಿಗೆ ಕೊಡದೆ ನಡೆದ ವ್ಯವಹಾರ ಅದು. ಆದಾಯವೇ ಇಲ್ಲದ್ದರಿಂದ ಯಾವ ಬ್ಯಾಂಕಿನವನೂ ಅದಕ್ಕೆ ಸಾಲ ಕೊಡುತ್ತಿರಲಿಲ್ಲ.

ಕಬ್ಬಿಗೆ ಆ ರಜೆ ಗೊತ್ತಿಲ್ಲ. ಆಡಸಾಲಿ ಹಚ್ಚಿದರೆ ಹದಿನೆಂಟು ತಿಂಗಳ ತನಕ ನಿಲ್ಲುತ್ತದೆ. ಗ್ಯಾಂಗಿನವರು ಬಂದು ಕಡಿದು ಹೋದರೆ ಕುಳೆ ಏಳುತ್ತದೆ, ಕುಳೆ ಏಳುವ ಮೊದಲು ರವದಿಗೆ ಬೆಂಕಿ ಬೀಳುತ್ತದೆ. ಎರಡಾಳು ಎತ್ತರ, ನಡುವೆ ಗಾಳಿಯೂ ಆಡದ ದಟ್ಟಣೆ, ಅಡಿಗೆ ಸದಾ ಕೆಸರು. ನೀವು ತಲೆ ಎತ್ತಿ ದಿಗಂತ ನೋಡಿ ಬದುಕುವ ಜಾತಿ. ವೈರಿ ದೂರದಿಂದ ಕಾಣಬೇಕು, ಹಾಡಲಿಕ್ಕೆ ಮೇಲೆ ಬಯಲು ಬೇಕು, ಮೊಟ್ಟೆಗೆ ಒಣ ನೆಲ ಬೇಕು. ನಾವೇನು ಮಾಡೋಣ ಹೇಳಿ? ಜೋಳಕ್ಕೆ ದರದ ಖಾತ್ರಿ ಇಲ್ಲ, ಶೇಂಗಾಕ್ಕೆ ಮಳೆಯ ಖಾತ್ರಿ ಇಲ್ಲ. ಕಬ್ಬಿಗೆ ಕೇಂದ್ರವೇ ದರ ಗೊತ್ತು ಮಾಡುತ್ತದೆ: 2025-26ಕ್ಕೆ ಶೇಕಡಾ 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ ಎಫ್‌ಆರ್‌ಪಿ. ಕಡಿಯುವ, ಸಾಗಿಸುವ ಖರ್ಚು ಕಳೆದು ಕೈಗೆ ಬರುವುದೆಷ್ಟು, ಬಿಲ್ ಎಂದು ಬರುತ್ತದೆ ಎಂಬ ಪುರಾಣ ಬೇರೆ ಇದೆ. ಆದರೂ ಹೆಣ್ಣು ಕೊಡುವವರು ಕೇಳುವುದು ‘ಕಬ್ಬು ಎಷ್ಟು ಎಕರೆ’ ಎಂದೇ. ‘ಮಡ್ಡಿ ಎಷ್ಟು, ಅದರಲ್ಲಿ ನೆಲಗುಬ್ಬಿ ಎಷ್ಟು’ ಎಂದು ಕೇಳಿದ ಬೀಗರನ್ನು ನಾನು ಕಂಡಿಲ್ಲ.

ನನ್ನ ತಂಗಿಯ ಮಗನೊಬ್ಬ ಇದ್ದಾನೆ. ಕೊರಳಿಗೆ ದುರ್ಬೀನು ಹಾಕಿಕೊಂಡು ತಿರುಗುತ್ತಾನೆ. ನಿಮ್ಮ ಪರ ವಕಾಲತ್ತು ವಹಿಸಿಕೊಂಡು ನನ್ನೊಡನೆ ದಿನಾ ಜಗಳ. ನಾನು ಅವನಿಗೆ ಬುದ್ಧಿ ಹೇಳಿದೆ: ‘ಉಗಾರದಾಗ ಫ್ಯಾಕ್ಟರಿ ಆಗಿ ಎಷ್ಟ ವರ್ಷ ಆತು? ಕಬ್ಬು ಎಥೆನಾಲ್‌ಗಿಂತ ಮದಲಿಂದು. ನಿನ್ನ ಗುಬ್ಬಿ ಹೋಗಿದ್ದಕ್ಕ ಎಥೆನಾಲ್ ಯಾಕ ಬೈತಿ?’ ಮಾತು ನ್ಯಾಯವಾದದ್ದೇ. ದೂಧಗಂಗೆ, ಕೃಷ್ಣೆಯ ದಂಡೆ ಹಸಿರಾದದ್ದು ಪಂಪ್‌ಸೆಟ್ಟಿನಿಂದ, ಪೈಪ್‌ಲೈನಿನಿಂದ, ಸಕ್ಕರೆಯಿಂದ. ಅದಕ್ಕೆ ಅವನೆಂದ: ‘ಮಾಮಾ, ಸಕ್ಕರಿ ತಿನ್ನೂ ಬಾಯಿಗೆ ಒಂದ ಮಿತಿ ಐತಿ. ಗಾಡಿ ಟಾಕಿಗೆ ಮಿತಿ ಎಲ್ಲೈತಿ?’

ಅವನ ಮಾತಿನಲ್ಲಿ ಒಂದಿಷ್ಟು ಹುರುಳಿರುವುದರಿಂದಲೇ ನಿಮಗೆ ತಿಳಿಸುತ್ತಿದ್ದೇನೆ. ಹಿಂದೆ ಸಕ್ಕರೆ ಹೆಚ್ಚಾದರೆ ದರ ಬೀಳುತ್ತಿತ್ತು, ಕಾರ್ಖಾನೆ ಬಾಕಿ ಉಳಿಸುತ್ತಿತ್ತು, ನಾಲ್ಕು ಜನ ಬೇಸತ್ತು ಕಬ್ಬು ಕಿತ್ತು ಬೇರೆ ಬೆಳೆ ಹಾಕುತ್ತಿದ್ದರು. ನಮಗೆ ಅದು ನಷ್ಟದ ವರ್ಷ. ಹೊಲ ನಾಲ್ಕು ತಿಂಗಳು ಬರಿದಾಗುತ್ತಿದ್ದುದರಿಂದ ನಿಮಗೆ ಅದೇ ಸುಗ್ಗಿ. ಈಗ ಸಕ್ಕರೆ ಹೆಚ್ಚಾದರೆ ಎಥೆನಾಲ್ ಇದೆ. ಗಾಡಿಗೆ ಇದ್ದ ಒಂದೇ ಬ್ರೇಕನ್ನು ಬಿಚ್ಚಿ ಅದಕ್ಕೆ ‘ಸುಧಾರಣೆ’ ಎಂದು ಹೆಸರಿಟ್ಟರು. 2023ರಲ್ಲಿ ಮಳೆ ಕೈಕೊಟ್ಟಾಗ ಮಾತ್ರ ಡಿಸೆಂಬರಿನಲ್ಲಿ ಕೇಂದ್ರವೇ ಹೌಹಾರಿ, ಕಬ್ಬಿನ ರಸದಿಂದ ಎಥೆನಾಲ್ ಮಾಡಬೇಡಿ ಎಂದು ಆದೇಶ ಹೊರಡಿಸಿತು. ಮುಂದಿನ ಆಗಸ್ಟಿನಲ್ಲಿ ಅದನ್ನೂ ತೆಗೆಯಿತು.

ನೀರಿನ ಲೆಕ್ಕ ಬೇರೆ ಇದೆ. ಅದನ್ನು ಕಲ್ಲುಗೌಜಲದವರಿಗೆ ದಯವಿಟ್ಟು ಹೇಳಬೇಡಿ. ಆ ಹಕ್ಕಿಯ ಗಂಡು ನೀರಿಗೆ ಇಳಿದು ಹೊಟ್ಟೆಯ ಗರಿ ನೆನೆಸಿಕೊಂಡು, ಮೈಲುಗಟ್ಟಲೆ ಹಾರಿ ಬಂದು, ಆ ಒದ್ದೆ ಗರಿಯನ್ನು ಮರಿಗಳ ಬಾಯಿಗೆ ಕೊಡುತ್ತದೆ. ಒಂದು ಸಲಕ್ಕೆ ಕೆಲವು ಚಮಚ. ಇತ್ತ ನೀತಿ ಆಯೋಗದ ತಜ್ಞರ ಸಮಿತಿ 2021ರಲ್ಲಿ ಬರೆದುಕೊಟ್ಟ ಪ್ರಕಾರ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಲು ಸುಮಾರು 2,860 ಲೀಟರ್ ನೀರು ಬೇಕು. ಅಂದರೆ ನಮ್ಮ ಹುಡುಗ ಬೈಕಿಗೆ ಐದು ಲೀಟರ್ ಇ-20 ಹಾಕಿಸಿಕೊಂಡು ಇಚಲಕರಂಜಿಗೆ ಸಿನಿಮಾ ನೋಡಲು ಹೋದರೆ, ಅವನ ಟಾಕಿಯಲ್ಲಿ ಒಂದು ಸಣ್ಣ ಬಾವಿಯೇ ಕೂತಿರುತ್ತದೆ. ಎಥೆನಾಲಿನ ಕಸುವು ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ, ಹೀಗಾಗಿ ಮೈಲೇಜ್ ಬೀಳುತ್ತದೆ ಎಂದು ಅವನ ಗೊಣಗಾಟ. ಬೀಳಲಿ. ಬಿದ್ದಷ್ಟೂ ಹೆಚ್ಚು ಹಾಕಿಸುತ್ತಾನೆ, ಹಾಕಿಸಿದಷ್ಟೂ ಕಬ್ಬು ಬೇಕು. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಕೊಯ್ನಾದಿಂದ ನೀರು ಬಿಡಿ ಎಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯುವ ಕೆಲಸ ಹೇಗೂ ಸರ್ಕಾರದ್ದು. ಮಳೆಗಾಲದಲ್ಲಿ, 2019 ಮತ್ತು 2021ರ ಹಾಗೆ, ಅದೇ ನದಿ ಊರಿಗೇ ನುಗ್ಗಿದರೆ ಪರಿಹಾರಕ್ಕೆ ಅರ್ಜಿ ಬರೆಯುವ ಕೆಲಸ ನಮ್ಮದು.

ನಿಮ್ಮ ಪುನರ್ವಸತಿಯ ವಿಚಾರದಲ್ಲಿ ನಾನು ಕೈಕಟ್ಟಿ ಕೂತಿಲ್ಲ, ನಾಲ್ಕು ಕಡೆ ವಿಚಾರಿಸಿದ್ದೇನೆ. ಕಬ್ಬಿನೊಳಗೇ ಹೊಂದಿಕೊಳ್ಳಬಾರದೇ ಎಂದು ಮೊದಲು ಕೇಳುವವನಿದ್ದೆ, ಹೊಂದಿಕೊಂಡವರಿದ್ದಾರೆ. ಉಲಿಯಕ್ಕಿ ಅಲ್ಲಿ ಸುಖವಾಗಿದೆ, ಕಾಡುಹಂದಿ ಅದಕ್ಕಿಂತ ಸುಖವಾಗಿದೆ, ಜುನ್ನರ ಸೀಮೆಯಲ್ಲಿ ಚಿರತೆಯೇ ಕಬ್ಬಿನಲ್ಲಿ ಮರಿ ಹಾಕುತ್ತದೆ. ನಿಮ್ಮಿಂದ ಅದು ಆಗುವುದಿಲ್ಲ ಎನ್ನುತ್ತೀರಿ. ಸರಿ. ಅಥಣಿಯ ಮೂಡಣಕ್ಕೆ ತೆಲಸಂಗ, ಐಗಳಿ ಕಡೆ ಇನ್ನೂ ಮಡ್ಡಿ ಇದೆ, ಆದರೆ ಏತ ನೀರಾವರಿಯ ಕಾಲುವೆ ಹೋದಲ್ಲೆಲ್ಲ ಮೊದಲು ಬರುವುದು ಕಬ್ಬೇ. ರೈತರು ವರ್ಷಗಟ್ಟಲೆ ಹೋರಾಡಿ ತಂದ ನೀರು, ಬೇಡ ಎನ್ನಲು ನಾನ್ಯಾರು?

ರಾಣೆಬೆನ್ನೂರಿಗೆ ಹೋಗಿ ಎನ್ನೋಣವೆಂದರೆ ಅಲ್ಲಿಯದು ಇನ್ನೊಂದು ಕತೆ. ನಿಮ್ಮ ಕುಲದ ಹಿರಿಯರು, ನಮ್ಮ ಗಡಿಯವರು ಮಾಳಢೋಕ ಎನ್ನುವ ಎರೆಭೂತ, ಅಲ್ಲಿದ್ದರು. ಹದಿನೈದು ಕಿಲೋ ತೂಗಬಲ್ಲ ಹಕ್ಕಿ, ವರ್ಷಕ್ಕೆ ಬಹುಪಾಲು ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಹುಲ್ಲುಗಾವಲು ಖಾಲಿ ಬಿದ್ದಿದೆಯೆಂದು ಅಲ್ಲಿ ದಶಕಗಳ ಕಾಲ ನೀಲಗಿರಿ ನೆಟ್ಟರು. 1974ರಲ್ಲಿ ಅಭಯಾರಣ್ಯವೆಂದು ಘೋಷಿಸಿದರು. ಕೃಷ್ಣಮೃಗ ಹೇಗೋ ಉಳಿಯಿತು, ಎರೆಭೂತ ಉಳಿಯಲಿಲ್ಲ. ಈಗ ಅಭಯಾರಣ್ಯದ ಬೇಲಿಯಾಚೆ ನೋಡಿದಲ್ಲೆಲ್ಲ ಗೋವಿನಜೋಳ. ಅದಕ್ಕೂ ಎಥೆನಾಲಿನಲ್ಲಿ ಪಾಲು ಸಿಕ್ಕಿದೆ: 2024-25ರಲ್ಲಿ ಕಬ್ಬಿನ ರಸದ ಎಥೆನಾಲಿಗೆ ಲೀಟರಿಗೆ 65.61 ರೂಪಾಯಿಯಾದರೆ ಗೋವಿನಜೋಳದ್ದಕ್ಕೆ 71.86 ಇತ್ತು. ನಮಗಿಂತ ಹೆಚ್ಚು! ಇದರ ಬಗ್ಗೆ ನಾವು ಪ್ರತ್ಯೇಕ ಧರಣಿ ಕೂರುವವರಿದ್ದೇವೆ.

ಸೊಲ್ಲಾಪುರದ ಹತ್ತಿರ ನನ್ನಜ ಇದೆ. ಎರೆಭೂತಕ್ಕೆಂದೇ 1979ರಲ್ಲಿ ಮಾಡಿದ ಅಭಯಾರಣ್ಯ, ಕಾಗದದ ಮೇಲೆ 8,496 ಚದರ ಕಿಲೋಮೀಟರ್, ಒಳಗೆ ಊರುಗಳು, ಪೇಟೆಗಳು ಎಲ್ಲ. ಆಮೇಲೆ ಅದನ್ನು 1,222ಕ್ಕೆ ಇಳಿಸಿದರು. ಉಜನಿಯ ನೀರು ಬಂದ ಮೇಲೆ ಆ ಜಿಲ್ಲೆಯೂ ಕಬ್ಬಿನ ಜಿಲ್ಲೆಯೇ. ಕರ್ನಾಟಕದಲ್ಲಿ ಎರೆಭೂತ ಈಗ ಕಾಣುವುದಿದ್ದರೆ ಸಿರುಗುಪ್ಪೆಯ ಎರೆ ಹೊಲಗಳಲ್ಲಿ, ಬೆರಳೆಣಿಕೆಯಷ್ಟು. ಇಡೀ ದೇಶದಲ್ಲಿ ನೂರೈವತ್ತಕ್ಕಿಂತ ಕಡಿಮೆ, ಹೆಚ್ಚಿನವು ಜೈಸಲ್ಮೇರದಲ್ಲಿ. ಅಲ್ಲಿಗೆ ಹೋಗುತ್ತೀರೋ? ಅಲ್ಲಿ ಸೌರ ವಿದ್ಯುತ್ತಿನ ತಂತಿಗಳಿವೆ. ಎದುರಿನ ತಂತಿ ಕಾಣದೆ ಆ ಭಾರದ ಹಕ್ಕಿ ಬಡಿದುಕೊಳ್ಳುತ್ತದೆ, ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 1960ರ ಸುಮಾರಿಗೆ ಸಲೀಂ ಅಲಿಯವರು ಇದನ್ನೇ ರಾಷ್ಟ್ರಪಕ್ಷಿ ಮಾಡಿ ಎಂದಿದ್ದರು, ನವಿಲು ಗೆದ್ದಿತು. ಒಳ್ಳೆಯದೇ ಆಯಿತು ಬಿಡಿ, ರಾಷ್ಟ್ರಪಕ್ಷಿಗೆ ಜಾಗ ಹುಡುಕುವ ಮುಜುಗರ ತಪ್ಪಿತು. ನವಿಲು ನಮ್ಮ ಕಬ್ಬಿನ ಬದುವಿನಲ್ಲೂ ಕುಣಿಯುತ್ತದೆ.

ವಿದೇಶದ ಆಸೆ ಇದ್ದರೆ ಅದನ್ನೂ ಬಿಡಿ. ಅಮೆರಿಕ 2007ರಲ್ಲಿ ಕಾನೂನು ಮಾಡಿ ಗೋವಿನಜೋಳದ ಎಥೆನಾಲಿಗೆ ಗಂಟು ಬಿದ್ದಿತು. 2006ರಿಂದ 2011ರೊಳಗೆ ಡಕೋಟಾ, ನೆಬ್ರಾಸ್ಕಾ, ಮಿನ್ನೆಸೋಟಾ, ಅಯೋವಾ ಸೀಮೆಯಲ್ಲಿ ಹದಿಮೂರು ಲಕ್ಷ ಎಕರೆ ಹುಲ್ಲು ನೇಗಿಲಿಗೆ ಬಿದ್ದು ಗೋವಿನಜೋಳ, ಸೋಯಾ ಆಯಿತೆಂದು ಅಲ್ಲಿಯ ಸಂಶೋಧಕರೇ ಉಪಗ್ರಹ ಚಿತ್ರ ನೋಡಿ ಲೆಕ್ಕ ಕೊಟ್ಟಿದ್ದಾರೆ. 1970ರಿಂದ ಈಚೆಗೆ ಆ ಖಂಡದ ಹುಲ್ಲುಗಾವಲ ಹಕ್ಕಿಗಳಲ್ಲಿ ನೂರಕ್ಕೆ ಐವತ್ಮೂರು ಇಲ್ಲವಾಗಿವೆ. ಎಲ್ಲವೂ ಎಥೆನಾಲಿನದೇ ಪಾಪವಲ್ಲ. ಔಷಧ ಸಿಂಪಡಣೆ, ಮೇವು ಕೊಯ್ಯುವ ಯಂತ್ರ, ಊರು ಬೆಳೆದದ್ದು, ಎಲ್ಲ ಸೇರಿ. ಆದರೂ ನೀವು ಅಲ್ಲಿಗೆ ಹೋದರೆ ಅಲ್ಲಿಯ ಬಾಬೊಲಿಂಕ್, ಮೆಡೊಲಾರ್ಕ್‌ಗಳು ‘ನಿಮ್ಮ ಕಡೆ ಜಾಗ ಇದೆಯೇ’ ಎಂದು ನಿಮ್ಮನ್ನೇ ಕೇಳಿಯಾವು.

ಬೆಂಗಳೂರಿನ ಹೆಸರಘಟ್ಟದಲ್ಲಿ ಮಾತ್ರ 2024ರಲ್ಲಿ ಐದು ಸಾವಿರ ಎಕರೆಗೂ ಮೇಲ್ಪಟ್ಟ ಹುಲ್ಲುಗಾವಲನ್ನು ಉಳಿಸಲು ಸಂಪುಟ ಒಪ್ಪಿತು. ಚಳಿಗಾಲಕ್ಕೆ ದೂರದೇಶದಿಂದ ಬರುವ ಸೆಳೆವಗಳು ಅಲ್ಲಿ ಹುಲ್ಲಿನಲ್ಲೇ ರಾತ್ರಿ ಕಳೆಯುತ್ತವಂತೆ. ರಾಜಧಾನಿಯ ಹಕ್ಕಿಗಳಿಗೆ ಫೋಟೊ ತೆಗೆಯುವವರಿದ್ದಾರೆ, ಪತ್ರ ಬರೆಯುವವರಿದ್ದಾರೆ. ನಮ್ಮ ಗಡಿಯ ಹಕ್ಕಿಗಳ ಪರ ಮಾತಾಡಲು ಒಬ್ಬ ಸೋದರಳಿಯ. ಅವನಿಗೂ ಮುಂದಿನ ವರ್ಷ ಪುಣೆಯಲ್ಲಿ ನೌಕರಿ.

ಅವನು ಹೋಗುವ ಮೊದಲು ಒಂದು ಪ್ರಸ್ತಾವ ಇಟ್ಟಿದ್ದಾನೆ. ಊರ ಗಾಯರಾಣದ ಉಳಿದ ತುಂಡನ್ನು ಹಾಗೇ ಬಿಡಬೇಕಂತೆ, ಗಿಡವನ್ನೂ ನೆಡಬಾರದಂತೆ, ಕುರಿ ಮೇಯಲಿ ಸಾಕಂತೆ. ಎಥೆನಾಲ್ ಬೇಕಾದರೆ ಕಾಕಂಬಿಯಿಂದ, ರವದಿಯಿಂದ ಮಾಡಲಿ, ಹೊಸ ನೆಲ ಒಡೆಯುವುದು ಬೇಡ ಅಂತಾನೆ. ‘ಏನೂ ಮಾಡದೇ ಇರೂದಕ್ಕ ಅನುದಾನ ಯಾವ ಇಲಾಖೆ ಕೊಡತೈತಿ?’ ಎಂದು ಕೇಳಿದೆ. ಉತ್ತರ ಹೇಳಲಿಲ್ಲ.

ಕಡೆಗೆ ಒಂದು ವೈಯಕ್ತಿಕ ಸಂಗತಿ. ನಮ್ಮ ಮೇಲಿನ ಹೊಲಕ್ಕೆ ಹತ್ತಿದ ಮಡ್ಡಿಯ ಮೂಲೆ, ಕಲ್ಲು ಹೆಚ್ಚೆಂದು ಈ ತನಕ ಬಿಟ್ಟಿದ್ದು, ಅದಕ್ಕೂ ಈ ಸಲ ಪೈಪ್‌ಲೈನ್ ಮುಟ್ಟಿಸುತ್ತಿದ್ದೇನೆ. ಸೊಸೈಟಿಯ ಸಾಲ ಮಂಜೂರಾಗಿದೆ. ಮೊನ್ನೆ ಸೋದರಳಿಯ ಅಲ್ಲಿ ಹೋಗಿ ಬಂದು, ಹೆಂಟೆಯ ಮಗ್ಗುಲಿಗೆ ಹರಳಿನ ಕಟ್ಟೆ ಇದೆ, ಒಳಗೆ ಎರಡು ಮೊಟ್ಟೆ ಇವೆ ಎಂದ. ನಿಮ್ಮವರೇ ಯಾರೋ ಇರಬೇಕು. ಮರಿ ಒಡೆಯಲು ಎರಡು ವಾರ ಹಿಡಿಯುತ್ತದಂತೆ, ಅಲ್ಲಿಯ ತನಕ ತಡೆ ಮಾಮಾ ಎನ್ನುತ್ತಾನೆ. ನನ್ನದೇನೂ ಅಡ್ಡಿ ಇಲ್ಲ. ಜೆಸಿಬಿಯವನನ್ನು ಕೇಳಿದೆ, ತಾಸಿನ ಬಾಡಿಗೆ, ಸೋಮವಾರ ಬಿಟ್ಟರೆ ಆಮೇಲೆ ಕಾರದಗಾದಲ್ಲಿ ಒಂದು ತಿಂಗಳು ಬುಕಿಂಗ್ ಇದೆ ಅಂದ. ಹೀಗಾಗಿ ಭಾನುವಾರ ಸಂಜೆಯೊಳಗೆ ವ್ಯವಸ್ಥೆ ಮಾಡಿಕೊಳ್ಳಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಬೋರಗಾಂವದ ಒಬ್ಬ ಊರ್ಜಾದಾತ